ಗ್ರಾಮಾಂತರದಲ್ಲಿ ಬ್ರಾಡ್‌ಬ್ಯಾಂಡ್: ಕಂಪೆನಿಗಳ ಪೈಪೋಟಿಯೂ ಫೈಬರ್ ಮಾರ್ಗದ ಪಾಲನೆಯೂ

ಬೇಸಾಯಕ್ಕೆ ಬೇಕಾದ ನೀರು, ಗೊಬ್ಬರ, ಬಿತ್ತನೆಯ ಬೀಜ, ಸಾಲದ ಹಣ ಇವುಗಳ ಸಾಲಿನಲ್ಲಿ ಇಂಟರ್‌ನೆಟ್ ಸಂಪರ್ಕವನ್ನೂ ಸೇರಿಸಿ ಎಣಿಸಬೇಕಾದ ಕಾಲವು ಬಂದಿರುತ್ತದೆ. ಕರ್ನಾಟಕದಲ್ಲಿ ಪಹಣಿಗಳು ಕೈಬರಹದ ಪುಸ್ತಕವನ್ನು ಬಿಟ್ಟು ‘ಭೂಮಿ’ ಯೋಜನೆಯ ಗಣಕಯಂತ್ರಕ್ಕೆ ಏರಿ ಎರಡು ದಶಕಗಳ ಮೇಲಾಯಿತು. 2014ರಿಂದೀಚೆಗೆ ಕೃಷಿ ಉತ್ಪನ್ನ ಮಾರುಕಟ್ಟೆಗಳಲ್ಲಿ ವರ್ತಕರು ಧಾರಣೆಯನ್ನು ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ನಮೂದಿಸುವ ಪದ್ಧತಿಯು ಜಾರಿಗೆ ಬಂದಿತು. 2016ರ ಏಪ್ರಿಲ್ 14ರಂದು ಇಡೀ ದೇಶಕ್ಕೆ ಅನ್ವಯಿಸುವಂತೆ ಇ-ನಾಮ್ ಎಂಬ ಮಾರುಕಟ್ಟೆಯು ಆರಂಭವಾಯಿತು. 2020ರ ಮುಂಗಾರಿನಲ್ಲಿ ರೈತನು ತನ್ನ ಹೊಲದಲ್ಲಿಯೇ ನಿಂತು ಮೊಬೈಲಿನಿಂದ ಬೆಳೆಯ ಚಿತ್ರವನ್ನು ತೆಗೆದು ಬೆಳೆ ಸಮೀಕ್ಷೆಗೆ ತಾನೇ ದಾಖಲು ಮಾಡುವ ಏರ್ಪಾಡಾಯಿತು. ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ನಷ್ಟ ಪರಿಹಾರ ಇವೆಲ್ಲವುಗಳಿಗೂ ಈ ದಾಖಲೆಗಳನ್ನು ನೋಡುವುದುಂಟು. ಹೀಗಿರಲು ಸಂಪರ್ಕವು ಕಡಿದುಹೋದ ದಿವಸ ರೈತನ ಕೆಲಸವೂ ನಿಂತುಹೋಗುತ್ತದೆ. ನಾಡಕಚೇರಿಯ ಕಿಟಕಿಯಲ್ಲಿ ‘ಸರ್ವರ್ ಇಲ್ಲ’ ಎಂಬ ಮಾತನ್ನು ಕೇಳದೆ ಇರುವ ಹಿಡುವಳಿದಾರರು ವಿರಳವೆಂದೇ ಹೇಳಬೇಕು.

ಈ ಸಂಪರ್ಕವನ್ನು ಕೊಡತಕ್ಕವರು ಯಾರು, ಅದು ಯಾವ ದಾರಿಯಿಂದ ಊರಿಗೆ ಬರುತ್ತದೆ, ಕೆಲವು ಊರುಗಳಿಗೆ ಬಂದು ಕೆಲವು ಊರುಗಳಿಗೆ ಬಾರದಿರುವುದಕ್ಕೆ ಕಾರಣವೇನು ಎಂಬ ವಿಚಾರವನ್ನು ಗ್ರಾಮದ ಮುಖ್ಯಸ್ಥರು ಸಾಮಾನ್ಯವಾಗಿ ಕಂಪೆನಿಗಳಿಗೆ ಸೇರಿದ ವಿಷಯವೆಂದು ಬಿಟ್ಟುಬಿಡುವುದು ವಾಡಿಕೆ. ಹಾಗೆ ಬಿಡುವುದರಿಂದ ಗ್ರಾಮಕ್ಕೆ ನಷ್ಟವುಂಟು. ಏತಕ್ಕೆಂದರೆ, ದೇಶದಲ್ಲಿ ಈಗ ನಡೆಯುತ್ತಿರುವ ಮಾರ್ಪಾಟಿನಲ್ಲಿ ದೊಡ್ಡ ಗ್ರಾಮಗಳ ಸುತ್ತಲಿನ ಸಣ್ಣ ಹಳ್ಳಿಗಳಿಗೆ ಫೈಬರ್ ಮಾರ್ಗವು ಕೇಳಿದವರಿಗೆ ಮಾತ್ರ ಎಂಬ ಷರತ್ತಿನ ಮೇಲೆ ಬರತಕ್ಕದ್ದಾಗಿದೆ.

ಮೊದಲು ಸಂಪರ್ಕದ ಬಗೆಗಳನ್ನು ತಿಳಿಯುವುದು ಆವಶ್ಯಕ. ಮೊಬೈಲಿಗೆ ಬರುವ ಇಂಟರ್‌ನೆಟ್ಟು ಟವರಿನಿಂದ ರೇಡಿಯೋ ಅಲೆಗಳ ಮೇಲೆ ಬರುತ್ತದೆ. ಮನೆಗೆ ಅಥವಾ ಕಚೇರಿಗೆ ಬರುವ ಖಾಯಂ ಸಂಪರ್ಕವು ಹಿಂದೆ ತಾಮ್ರದ ದೂರವಾಣಿ ತಂತಿಯ ಮೇಲೂ, ಈಗ ಬಹುಮಟ್ಟಿಗೆ ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯ ಮೇಲೂ ಬರುತ್ತದೆ. ಗಾಜಿನ ಎಳೆಯು ಕೂದಲಿನಷ್ಟು ಸಣ್ಣದಾದರೂ ಅದರೊಳಗೆ ಬೆಳಕಿನ ರೂಪದಲ್ಲಿ ಸಾಗುವ ಸಂದೇಶಗಳಿಗೆ ಮಿತಿಯು ಬಹಳ ಕಡಮೆ. ಅನೇಕರು ಟವರು ಬಂದ ಮೇಲೆ ಫೈಬರ್ ಏತಕ್ಕೆ ಎಂದು ಕೇಳುವುದುಂಟು. ಟವರಿಗೆ ತನ್ನದೇ ಆದ ಒರತೆಯಿಲ್ಲ. ಅದರ ಹಿಂದೆ ಫೈಬರ್ ಇದ್ದರೆ ಅದು ತುಂಬಿದ ಕಾಲುವೆಗೆ ಹೊಂದಿಕೊಂಡ ತೂಬಿನಂತೆ ಕೆಲಸ ಮಾಡುತ್ತದೆ. ಫೈಬರ್ ಇಲ್ಲದೆ ಒಂದು ಟವರಿನಿಂದ ಇನ್ನೊಂದು ಟವರಿಗೆ ರೇಡಿಯೋ ಮೂಲಕವೇ ಹಾಯಿಸಿದರೆ, ಸಂಜೆ ಏಳು ಘಂಟೆಗೆ ಊರಿನವರೆಲ್ಲರೂ ಮೊಬೈಲನ್ನು ಕೈಗೆ ತೆಗೆದುಕೊಂಡ ಕೂಡಲೆ ಎಲ್ಲರಿಗೂ ತೊಟ್ಟಿಕ್ಕುವಷ್ಟೇ ಉಳಿಯುತ್ತದೆ. ಆದುದರಿಂದ ತಂತಿಯಿಲ್ಲದ ಸೇವೆಯ ಗುಣವೂ ಕೊನೆಗೆ ನೆಲದೊಳಗಿನ ಮಾರ್ಗವನ್ನೇ ಅವಲಂಬಿಸಿರುತ್ತದೆ.

ನಮ್ಮ ದೇಶದಲ್ಲಿ ದೂರವಾಣಿಯು ಬಹುಕಾಲ ಸರ್ಕಾರದ ಇಲಾಖೆಯ ಕೈಯಲ್ಲಿಯೇ ಇದ್ದಿತು. 1994ರ ರಾಷ್ಟ್ರೀಯ ದೂರಸಂಪರ್ಕ ನೀತಿಯಿಂದ ಖಾಸಗಿ ಕಂಪೆನಿಗಳಿಗೆ ಬಾಗಿಲು ತೆರೆಯಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆಯನ್ನು ಆರಂಭಿಸಿತು. ಕಂಪೆನಿಗಳ ನಡುವಣ ವ್ಯಾಜ್ಯಗಳನ್ನೂ ದರಗಳನ್ನೂ ನೋಡಿಕೊಳ್ಳುವುದಕ್ಕಾಗಿ 1997ರಲ್ಲಿ ಟ್ರಾಯ್ ಎಂಬ ನಿಯಂತ್ರಣ ಪ್ರಾಧಿಕಾರವು ಸ್ಥಾಪಿತವಾಯಿತು. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವೆಗಳನ್ನೆಲ್ಲಾ ಬಿಎಸ್‌ಎನ್‌ಎಲ್ ಎಂಬ ಸರ್ಕಾರೀ ಕಂಪೆನಿಗೆ ವಹಿಸಲಾಯಿತು. ತಲೆಮಾರುಗಳಿಂದ ನೆಟ್ಟಿದ್ದ ಕಂಬಗಳೂ ಹೂಳಿದ್ದ ತಾಮ್ರದ ತಂತಿಗಳೂ ಇದರೊಡನೆ ಆ ಕಂಪೆನಿಗೆ ಸೇರಿದುವು.

ಇಲ್ಲಿ 2004ರ ಸಂಗತಿಯೊಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಆಗ ದೇಶದಲ್ಲಿ ಸುಮಾರು 4 ಕೋಟಿ ತಾಮ್ರದ ಎಳೆಗಳು ಮನೆಮನೆಗಳನ್ನು ಮುಟ್ಟಿದ್ದುವು. ಅವುಗಳಲ್ಲಿ ಹೆಚ್ಚಿನವು ಸರ್ಕಾರೀ ಕಂಪೆನಿಗಳಿಗೆ ಸೇರಿದವು. ಈ ತಂತಿಗಳ ಮೇಲೆ ಇತರ ಕಂಪೆನಿಗಳೂ ಬಾಡಿಗೆ ಕೊಟ್ಟು ಇಂಟರ್‌ನೆಟ್ಟನ್ನು ಮಾರುವುದಕ್ಕೆ ಅವಕಾಶ ಕೊಡಬೇಕೆಂದು ಟ್ರಾಯ್ ಶಿಫಾರಸು ಮಾಡಿತು. ಒಂದೇ ಕಾಲುವೆಯಲ್ಲಿ ಹಲವರು ನೀರು ಹಾಯಿಸಿಕೊಂಡು, ಕಾಲುವೆಯ ಒಡೆಯನಿಗೆ ಕಂದಾಯ ಕೊಡುವಂಥ ಏರ್ಪಾಡು ಇದು. ಅದೇ ವರ್ಷದ ಅಕ್ಟೋಬರ್ ತಿಂಗಳಿನಲ್ಲಿ ಸರ್ಕಾರದವರು ಪ್ರಕಟಿಸಿದ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ ಈ ಶಿಫಾರಸು ಕಡ್ಡಾಯವಾಗಲಿಲ್ಲ. ಕಂಪೆನಿಗಳು ಪರಸ್ಪರ ಒಪ್ಪಿದರೆ ಮಾಡಿಕೊಳ್ಳಬಹುದೆಂದು ಬಿಡಲಾಯಿತು. ಒಪ್ಪಿಗೆಯು ಹೇಳಿಕೊಳ್ಳುವಷ್ಟು ನಡೆಯಲಿಲ್ಲ. ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎನ್ನಬಹುದೆಂದು ಆ ನೀತಿಯು ನಿರ್ಣಯಿಸಿ, 2010ರ ವೇಳೆಗೆ 2 ಕೋಟಿ ಸಂಪರ್ಕಗಳಾಗಬೇಕೆಂದು ಗುರಿಯಿಟ್ಟಿತು. 2010 ಮುಗಿಯುವಾಗ ಆದದ್ದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಬೇಕಾದ ಕನಿಷ್ಠ ವೇಗವನ್ನು 2023ರಲ್ಲಿ 2 ಮೆಗಾಬಿಟ್ಟಿಗೆ ಏರಿಸಲಾಯಿತೆಂಬುದನ್ನು ನೋಡಿದರೆ, ಆ ದಿನಗಳ ಸಂಪರ್ಕವು ಎಷ್ಟು ಸಣ್ಣ ಧಾರೆಯಾಗಿದ್ದಿತೆಂದು ಊಹಿಸಬಹುದು.

ಇದೇ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡ ದೇಶಗಳೂ ಇವೆ. ಹಾಲು, ಮಾಂಸ, ಉಣ್ಣೆಗಳ ರಫ್ತಿನಿಂದ ಹೆಸರಾದ ನ್ಯೂಜಿಲೆಂಡ್ ದೇಶದಲ್ಲಿ ಹಳೆಯ ದೂರವಾಣಿ ಕಂಪೆನಿಯನ್ನು 2011ರ ಡಿಸೆಂಬರ್ 1ರಂದು ಎರಡಾಗಿ ಭಾಗ ಮಾಡಿದರು. ನೆಲದೊಳಗಿನ ಮಾರ್ಗವು ಕೋರಸ್ ಎಂಬ ಕಂಪೆನಿಗೆ ಸೇರಿತು. ಆ ಕಂಪೆನಿಯು ಮನೆಯವರಿಗೆ ನೇರವಾಗಿ ಸೇವೆಯನ್ನು ಮಾರಕೂಡದು. ಮಾರುವ ಕಂಪೆನಿಗಳಿಗೆಲ್ಲಾ ಸಮನಾದ ಷರತ್ತಿನ ಮೇಲೆ ಮಾರ್ಗವನ್ನು ಬಾಡಿಗೆಗೆ ಕೊಡಬೇಕು. ಸರ್ಕಾರದ ಬಂಡವಾಳದ ನೆರವಿನೊಡನೆ 2022ರ ಅಂತ್ಯದ ವೇಳೆಗೆ ಅಲ್ಲಿಯ ಜನಸಂಖ್ಯೆಯಲ್ಲಿ ನೂರಕ್ಕೆ 87 ಮಂದಿಯ ಬಾಗಿಲಿನ ಬಳಿಗೆ ಫೈಬರ್ ಹೋಯಿತು. ಉಳಿದ ನೂರಕ್ಕೆ 13 ಮಂದಿ ಯಾರೆಂದರೆ ಬಹುಮಟ್ಟಿಗೆ ದೂರದ ಹೊಲಮನೆಗಳವರೇ. ಅವರಿಗಾಗಿ ಮೂರು ಮೊಬೈಲ್ ಕಂಪೆನಿಗಳು ಸೇರಿ ಒಂದೇ ಟವರನ್ನು ಮೂವರೂ ಉಪಯೋಗಿಸುವ ಏರ್ಪಾಡನ್ನು ಮಾಡಿಕೊಂಡುವು. ಅಷ್ಟು ಅನುಕೂಲಸ್ಥ ದೇಶದಲ್ಲಿಯೂ ಕೊನೆಯ ಹೊಲದ ಬದುವಿನವರೆಗೆ ಫೈಬರನ್ನು ಎಳೆಯುವುದು ಸುಲಭವಾಗಲಿಲ್ಲವೆಂಬುದನ್ನು ಗಮನಿಸಬೇಕು.

ಭಾರತದಲ್ಲಿ ಪೈಪೋಟಿಯು ತಂತಿಯ ಮೇಲೆ ನಡೆಯಲಿಲ್ಲ, ಗಾಳಿಯಲ್ಲಿ ನಡೆಯಿತು. 2010ರಲ್ಲಿ ಸರ್ಕಾರವು ಬ್ರಾಡ್‌ಬ್ಯಾಂಡಿಗೆ ಬೇಕಾದ ತರಂಗಾಂತರಗಳನ್ನು ಹರಾಜು ಮಾಡಿತು. ಇನ್ಫೋಟೆಲ್ ಎಂಬ ಸಣ್ಣ ಸಂಸ್ಥೆಯು 12,848 ಕೋಟಿ ರೂಪಾಯಿಗೆ ಇಡೀ ದೇಶದ ಹಕ್ಕನ್ನು ಕೂಗಿತು; ಅದನ್ನು ಕೂಡಲೆ ರಿಲಯನ್ಸ್ ಸಂಸ್ಥೆಯವರು ಕೊಂಡರು. ಅದರಿಂದ ಹುಟ್ಟಿದ ಜಿಯೋ ಕಂಪೆನಿಯು 2016ರ ಸೆಪ್ಟೆಂಬರ್ 5ರಂದು ಸೇವೆಗಿಳಿದು, ಮೊದಲ ಕೆಲವು ತಿಂಗಳು ಹಣವನ್ನೇ ತೆಗೆದುಕೊಳ್ಳದೆ ಹಂಚಿತು. ಟ್ರಾಯ್ ಪ್ರಕಟಿಸಿದ ಲೆಕ್ಕದಂತೆ ಮೊಬೈಲಿನಲ್ಲಿ ಒಂದು ಜಿಬಿ ಡೇಟಾಕ್ಕೆ ಗಿರಾಕಿಗೆ ತಗಲುತ್ತಿದ್ದ ಸರಾಸರಿ ಹಣವು 2014ರಲ್ಲಿ 268 ರೂಪಾಯಿ 97 ಪೈಸೆ ಇದ್ದುದು 2018ರಲ್ಲಿ 11 ರೂಪಾಯಿ 78 ಪೈಸೆಗೆ ಇಳಿಯಿತು. ಧಾರಣೆಯಲ್ಲಿ ಇಂಥ ಇಳಿತವನ್ನು ಈರುಳ್ಳಿ ಬೆಳೆಯುವವರು ಬಲ್ಲರೇ ಹೊರತು ಬೇರೆ ವ್ಯಾಪಾರಗಳಲ್ಲಿ ಕಾಣುವುದು ಅಪರೂಪ. ಕೂಲಿಯಾಳಿನ ಕೈಯಲ್ಲಿಯೂ ಇಂಟರ್‌ನೆಟ್ಟು ಬಂದದ್ದು ಈ ಪೈಪೋಟಿಯ ಫಲವೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇಳಿದ ಧಾರಣೆಯನ್ನು ತಾಳಲಾರದೆ ಅಂಗಡಿಗಳು ಒಂದೊಂದಾಗಿ ಮುಚ್ಚಿದುವು. ಹತ್ತಕ್ಕೂ ಮೇಲಿದ್ದ ಕಂಪೆನಿಗಳಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಮತ್ತು ಏರ್‌ಸೆಲ್ ದಿವಾಳಿಯಾದುವು. ಟೆಲಿನಾರ್ ಮತ್ತು ಟಾಟಾದವರ ಮೊಬೈಲ್ ವ್ಯವಹಾರಗಳು ಏರ್‌ಟೆಲ್ ಕೈಸೇರಿದುವು. 2018ರ ಆಗಸ್ಟ್ ಕೊನೆಯಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದುವು. 2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟು ಕಂಪೆನಿಗಳು ಸರ್ಕಾರಕ್ಕೆ ಕೊಡಬೇಕಾದ ಹಳೆಯ ಪಾಲನ್ನು ದೂರಸಂಪರ್ಕ ಇಲಾಖೆಯ ಲೆಕ್ಕದಂತೆಯೇ ಕೊಡಬೇಕೆಂದು ತೀರ್ಪಿತ್ತಿತು. ಆ ಬಾಕಿಯ ಭಾರವು ವೊಡಾಫೋನ್ ಐಡಿಯಾವನ್ನು ಎಷ್ಟು ಕುಗ್ಗಿಸಿತೆಂದರೆ, ಬಾಕಿಗೆ ಬದಲಾಗಿ ಷೇರುಗಳನ್ನು ಪಡೆದ ಕೇಂದ್ರ ಸರ್ಕಾರವೇ 2025ರಲ್ಲಿ ಅದರ ನೂರಕ್ಕೆ ಸುಮಾರು 49 ಪಾಲಿಗೆ ಒಡೆಯನಾಯಿತು. ಅದೇ ವರ್ಷದ ಲೆಕ್ಕಗಳಲ್ಲಿ ದೇಶದ ಸುಮಾರು 94 ಕೋಟಿ ಬ್ರಾಡ್‌ಬ್ಯಾಂಡ್ ಗಿರಾಕಿಗಳಲ್ಲಿ ಐದರಲ್ಲಿ ನಾಲ್ಕು ಪಾಲು ಜಿಯೋ ಮತ್ತು ಏರ್‌ಟೆಲ್ ಎಂಬ ಎರಡೇ ಕಂಪೆನಿಗಳ ಬಳಿ ಇದ್ದರು. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ ತಿಂಗಳುಗಳಲ್ಲಿ ದರಗಳು ಹೆಚ್ಚು ಕಡಮೆ ಒಂದೇ ಕಾಲಕ್ಕೆ ಏರಿದುವು. ಸಂತೆಯಲ್ಲಿ ಇಬ್ಬರೇ ದಲ್ಲಾಳಿಗಳು ಉಳಿದರೆ ಏನಾಗುವುದೆಂಬುದನ್ನು ಜಮೀನುದಾರರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಮೇಲಣ 94 ಕೋಟಿಯಲ್ಲಿ ತಂತಿಯ ಮೇಲೆ ಸೇವೆ ಪಡೆಯುವವರು ಸುಮಾರು 4 ಕೋಟಿ ಮಾತ್ರ. ಇಲ್ಲಿಯೂ ಸ್ಥಾನಗಳು ಅದಲುಬದಲಾದುವು. 2016ರಲ್ಲಿ ತಂತಿಯ ಬ್ರಾಡ್‌ಬ್ಯಾಂಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಬಿಎಸ್‌ಎನ್‌ಎಲ್ ಸಂಸ್ಥೆಯದಾಗಿದ್ದಿತು. 2021ರ ನವೆಂಬರಿನ ಲೆಕ್ಕದಲ್ಲಿ ಜಿಯೋ ಅದನ್ನು ಹಿಂದೆ ಹಾಕಿತು. ತಾಮ್ರದ ತಂತಿಯನ್ನೇ ನೆಚ್ಚಿಕೊಂಡಿದ್ದುದೂ, ಫೈಬರಿಗೆ ತಡವಾಗಿ ತಿರುಗಿದುದೂ ಇದಕ್ಕೆ ಮುಖ್ಯ ಕಾರಣಗಳು. ಪಟ್ಟಣಗಳಲ್ಲಿ ದೊಡ್ಡ ಕಂಪೆನಿಗಳಲ್ಲದೆ, ಹಿಂದೆ ಕೇಬಲ್ ಟಿವಿ ನಡೆಸುತ್ತಿದ್ದ ಸ್ಥಳೀಯರೂ ಫೈಬರ್ ಎಳೆದು ಬ್ರಾಡ್‌ಬ್ಯಾಂಡ್ ಕೊಡುತ್ತಿರುವುದುಂಟು. ತಾಲ್ಲೂಕು ಕೇಂದ್ರದ ಒಂದೇ ಬೀದಿಯಲ್ಲಿ ಮೂರು ನಾಲ್ಕು ಎಳೆಗಳು ಕಂಬದಿಂದ ಕಂಬಕ್ಕೆ ಜೋಲಾಡುತ್ತಿರುವುದನ್ನು ಯಾರಾದರೂ ನೋಡಬಹುದು. ಐದು ಮೈಲಿ ಆಚೆಗೆ ಹೋದರೆ ಒಂದು ಎಳೆಯೂ ಇರುವುದಿಲ್ಲ.

ಇದಕ್ಕೆ ಕಂಪೆನಿಗಳ ದುರುದ್ದೇಶವನ್ನು ಕಾರಣವಾಗಿ ಹೇಳುವುದು ಸರಿಯಲ್ಲ. ಲೆಕ್ಕವು ಹೀಗಿದೆ. ಒಂದು ಕಿಲೋಮೀಟರು ಅಗೆದು ಫೈಬರ್ ಹೂಳುವ ಖರ್ಚು ಪೇಟೆಯ ಬೀದಿಯಲ್ಲಿಯೂ ಹೊಲದ ದಾರಿಯಲ್ಲಿಯೂ ಬಹಳ ವ್ಯತ್ಯಾಸವಾಗುವುದಿಲ್ಲ. ಪೇಟೆಯ ಕಿಲೋಮೀಟರಿನಲ್ಲಿ 200 ಮನೆಗಳಿದ್ದು 40 ಮನೆಯವರು ಸೇರಿದರೆ ಆ ಖರ್ಚು 40 ಪಾಲಾಗುತ್ತದೆ. 25 ಮನೆಗಳ ಹಳ್ಳಿಗೆ ಒಂದು ಕಿಲೋಮೀಟರು ಎಳೆದು 5 ಮನೆಯವರು ಸೇರಿದರೆ ಒಂದೊಂದು ಮನೆಗೆ ಬೀಳುವ ಖರ್ಚು ಪೇಟೆಯ ಎಂಟರಷ್ಟು. ಮೇಲಾಗಿ ಸಂಪರ್ಕ ಕೆಟ್ಟಾಗ ರಿಪೇರಿಯವನು ಹೋಗಿ ಬರುವ ದೂರವೂ ಹೆಚ್ಚು. ಲಾಭವನ್ನು ನೋಡುವ ಯಾವ ವರ್ತಕನೂ ಮೊದಲು ಪೇಟೆಗೇ ಹೋಗುತ್ತಾನೆ, ಆಮೇಲೆ ದೊಡ್ಡ ಗ್ರಾಮಕ್ಕೆ. ಸಣ್ಣ ಹಳ್ಳಿಯ ಸರದಿಯು ಬಾರದೆಯೇ ಇರಬಹುದು. ಮಾರ್ಗವಿರುವ ಕಡೆ ಪೈಪೋಟಿಯು ದರವನ್ನು ಇಳಿಸಬಲ್ಲುದೇ ಹೊರತು, ಮಾರ್ಗವೇ ಇಲ್ಲದ ಕಡೆಗೆ ಅದನ್ನು ತಾನಾಗಿ ತರಲಾರದು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಬಂದಾಗ, ದೇಶದಲ್ಲಿ ಡೇಟಾ ಅಗ್ಗವಾಗಿದ್ದ ಆ ದಿನಗಳಲ್ಲಿಯೇ, ಮಲೆನಾಡಿನ ಮಕ್ಕಳು ಕೊಡೆ ಹಿಡಿದು ಗುಡ್ಡವನ್ನು ಹತ್ತಿ ಪಾಠ ಕೇಳಬೇಕಾಯಿತು.

ಈ ಕೊರತೆಯನ್ನು ತುಂಬುವುದಕ್ಕಾಗಿಯೇ ಕೇಂದ್ರ ಸರ್ಕಾರವು 2011ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂಬ ಯೋಜನೆಯನ್ನು ಒಪ್ಪಿತು. 2015ರಿಂದ ಇದಕ್ಕೆ ಭಾರತ್‌ನೆಟ್ ಎಂದು ಹೆಸರು. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರನ್ನು ಮುಟ್ಟಿಸಿ, ಅಲ್ಲಿಂದ ಮುಂದಕ್ಕೆ ಯಾವ ಕಂಪೆನಿಯವರಾದರೂ ಬಾಡಿಗೆ ಕೊಟ್ಟು ಮನೆಗಳಿಗೆ ಹಂಚಬಹುದೆಂಬುದು ಉದ್ದೇಶ. ಅಂದರೆ 2004ರಲ್ಲಿ ತಾಮ್ರದ ವಿಷಯದಲ್ಲಿ ಬಿಟ್ಟುಹೋದ ತತ್ವವನ್ನು ಫೈಬರಿನಲ್ಲಿ ಹಿಡಿದಂತಾಯಿತು. ಬಿಎಸ್‌ಎನ್‌ಎಲ್, ರೈಲ್‌ಟೆಲ್, ಪವರ್‌ಗ್ರಿಡ್ ಎಂಬ ಮೂರು ಸರ್ಕಾರೀ ಸಂಸ್ಥೆಗಳು ಕೆಲಸವನ್ನು ಹಂಚಿಕೊಂಡುವು. ಮೊದಲ ಒಂದು ಲಕ್ಷ ಪಂಚಾಯಿತಿಗಳ ಕೆಲಸವು 2017ರ ಡಿಸೆಂಬರಿನಲ್ಲಿ ಮುಗಿಯಿತು. ಈಗ ಎರಡು ಲಕ್ಷದ ಮೇಲೆ ಪಂಚಾಯಿತಿಗಳು ಸೇವೆಗೆ ಸಿದ್ಧವೆಂದು ಪಟ್ಟಿಯಲ್ಲಿವೆ.

ಪಟ್ಟಿಯಲ್ಲಿ ಸಿದ್ಧವಿರುವುದು ಬೇರೆ, ಪಂಚಾಯಿತಿಯ ಕೋಣೆಯಲ್ಲಿ ದೀಪ ಉರಿಯುವುದು ಬೇರೆ. ಯೋಜನೆಯ ಮೊದಲ ನಕ್ಷೆಯಲ್ಲಿದ್ದ ದೋಷಗಳನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಖರ್ಚನ್ನು ಉಳಿಸುವುದಕ್ಕಾಗಿ ಆಗಲೇ ಹೂಳಿದ್ದ ಹಳೆಯ ಫೈಬರನ್ನು ಎಲ್ಲೆಲ್ಲಿ ಸಾಧ್ಯವೋ ಅಲ್ಲೆಲ್ಲಾ ಉಪಯೋಗಿಸಿ, ಉಳಿದ ಕೊನೆಯ ತುಂಡಿಗೆ ಮಾತ್ರ ಹೊಸದನ್ನು ಹಾಕಿದರು. ಹಳೆಯದು ಸವೆದಿದ್ದ ಕಡೆ ಹೊಸದರ ಗುಣವೂ ವ್ಯರ್ಥವಾಯಿತು. ಮಾರ್ಗವು ತಾಲ್ಲೂಕಿನಿಂದ ಪಂಚಾಯಿತಿಗಳಿಗೆ ಮರದ ಕೊಂಬೆಗಳಂತೆ ಒಂದೇ ದಿಕ್ಕಿನಲ್ಲಿ ಹೋಗುತ್ತಿದ್ದುದರಿಂದ, ಮೇಲೆ ಒಂದು ಕಡೆ ಕಡಿದರೆ ಕೆಳಗಿನ ಊರುಗಳಿಗೆಲ್ಲಾ ಕತ್ತಲೆ. ರಸ್ತೆ ಅಗಲ ಮಾಡುವವರು ಅಗೆದರು. ಕುಡಿಯುವ ನೀರಿನ ಕೊಳವೆ ಹಾಕುವವರು ಅಗೆದರು. ಹೊಲಕ್ಕೆ ಕೊಳವೆ ಎಳೆಯುವ ರೈತನ ಜೆಸಿಬಿಯೂ ಅಗೆಯಿತು. ಕಡಿದ ಎಳೆಯನ್ನು ಮತ್ತೆ ಬೆಸೆಯುವವರು ಬರುವುದಕ್ಕೆ ವಾರಗಳು ಹಿಡಿದ ಊರುಗಳುಂಟು. ಪಂಚಾಯಿತಿಯ ಕಟ್ಟಡದಲ್ಲಿ ವಿದ್ಯುತ್ತು ಹೋದರೆ ಯಂತ್ರವೂ ಮಲಗಿತು. ಬ್ಯಾಟರಿಯು ಸತ್ತ ಮೇಲೆ ಅದನ್ನು ಬದಲಾಯಿಸುವ ಹೊಣೆ ಯಾರದೆಂಬುದು ಖಚಿತವಾಗಲಿಲ್ಲ. ಪಂಚಾಯಿತಿಯವರೆಗೆ ಬಂದದ್ದು ಅಲ್ಲಿಂದ ಮುಂದಕ್ಕೆ ಮನೆಗಳಿಗೆ ಹೋಗುವ ಏರ್ಪಾಡು ಅನೇಕ ಕಡೆಗಳಲ್ಲಿ ಆಗಲೇ ಇಲ್ಲ.

ಕೆರೆಯ ಅಚ್ಚುಕಟ್ಟಿರುವ ಊರಿನವರಿಗೆ ಈ ಕಥೆಯು ಹೊಸದಾಗಿ ತೋರಲಾರದು. ಏರಿಯನ್ನು ಕಟ್ಟಿಸಿ ತೂಬನ್ನು ಇಟ್ಟ ಮಾತ್ರಕ್ಕೆ ಗದ್ದೆಗೆ ನೀರು ಹರಿಯುವುದಿಲ್ಲ. ತೂಬನ್ನು ಎತ್ತಿ ಇಳಿಸುವುದಕ್ಕೂ, ಕಾಲುವೆಯ ಹೂಳನ್ನು ತೆಗೆಯಿಸುವುದಕ್ಕೂ, ಸರದಿಯನ್ನು ನೋಡಿಕೊಳ್ಳುವುದಕ್ಕೂ ಹಿಂದಿನವರು ನೀರುಗಂಟಿಯನ್ನು ನೇಮಿಸಿ ಅವನಿಗೆ ಕಣದಲ್ಲಿ ಪಾಲು ಕೊಡುತ್ತಿದ್ದರು. ಭಾರತ್‌ನೆಟ್ಟಿನ ಮೊದಲ ಹಂತದಲ್ಲಿ ಕಟ್ಟಿಸಿದವರು ಇದ್ದರು, ನೀರುಗಂಟಿ ಇರಲಿಲ್ಲ.

ಖಾಸಗಿಯವರೇ ನೋಡಿಕೊಳ್ಳಲಿ ಎಂದು 2021ರ ಜೂನ್ 30ರಂದು ಕೇಂದ್ರ ಮಂತ್ರಿಮಂಡಲವು ಮತ್ತೊಂದು ಕ್ರಮವನ್ನು ಒಪ್ಪಿತು. ಕರ್ನಾಟಕವೂ ಸೇರಿದಂತೆ 16 ರಾಜ್ಯಗಳ ಹಳ್ಳಿಗಳಲ್ಲಿ ಜಾಲವನ್ನು ಕಟ್ಟಿ ನಡೆಸುವ ಕಂಪೆನಿಗಳಿಗೆ ನಷ್ಟ ತುಂಬಿಕೊಡುವುದಕ್ಕಾಗಿ 19,041 ಕೋಟಿ ರೂಪಾಯಿಗಳನ್ನು ಇಟ್ಟು ಟೆಂಡರು ಕರೆದರು. ಯಾರೂ ಬರಲಿಲ್ಲ. ನಗರಗಳಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ದರವನ್ನು ಇಳಿಸಿದ ಕಂಪೆನಿಗಳೇ, ಸರ್ಕಾರವು ಸಹಾಯಧನ ಕೊಡುತ್ತೇನೆಂದರೂ ಗ್ರಾಮಾಂತರದ ಟೆಂಡರಿನಲ್ಲಿ ಒಂದು ಲಕೋಟೆಯನ್ನೂ ಹಾಕಲಿಲ್ಲ. ಪೈಪೋಟಿಯ ಶಕ್ತಿಯು ಎಲ್ಲಿಯವರೆಗೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವು ಬೇಕಿಲ್ಲ.

ಆ ಮೇಲೆ 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ತಿದ್ದುಪಡಿಯಾದ ಭಾರತ್‌ನೆಟ್ ಯೋಜನೆಯು ಮಂಜೂರಾಯಿತು. ಹಳೆಯ ದೋಷಗಳನ್ನು ನೋಡಿಯೇ ಇದನ್ನು ರಚಿಸಿರುವಂತೆ ಕಾಣುತ್ತದೆ. ತಾಲ್ಲೂಕಿನಿಂದ ಪಂಚಾಯಿತಿಗಳಿಗೆ ಹೋಗುವ ಮಾರ್ಗವು ಇನ್ನು ಮೇಲೆ ಬಳೆಯಂತೆ ಸುತ್ತಿ ಬರತಕ್ಕದ್ದು. ಒಂದು ಕಡೆ ಕಡಿದರೆ ಮತ್ತೊಂದು ಕಡೆಯಿಂದ ಸಂದೇಶವು ಬಂದು ಸೇರುತ್ತದೆ. ಎಲ್ಲಿ ಕಡಿದಿದೆಯೆಂಬುದನ್ನು ದೂರದಿಂದಲೇ ಕಂಡುಹಿಡಿಯುವ ಉಪಕರಣಗಳಿವೆ. ಪಂಚಾಯಿತಿಯ ಯಂತ್ರಕ್ಕೆ ವಿದ್ಯುತ್ತಿನ ಮೀಸಲು ಇರಬೇಕು. ಕಟ್ಟುವ ಕಂಟ್ರಾಕ್ಟುದಾರನೇ ಹತ್ತು ವರ್ಷ ಪಾಲನೆ ಮಾಡಬೇಕು. ಪಾಲನೆಯ ಹಣವು ಸೇವೆಯ ಅಳತೆಯಂತೆ ಸಲ್ಲತಕ್ಕದ್ದು. ಸುಮಾರು 2 ಲಕ್ಷ 64 ಸಾವಿರ ಪಂಚಾಯಿತಿಗಳಿಗೆ ಈ ಮಾರ್ಗ. ಪಂಚಾಯಿತಿ ಕೇಂದ್ರವಲ್ಲದ ಸುಮಾರು 3 ಲಕ್ಷ 80 ಸಾವಿರ ಹಳ್ಳಿಗಳಿಗೆ ಬೇಡಿಕೆ ಬಂದಂತೆ ವಿಸ್ತರಣೆ. ಐದು ವರ್ಷಗಳಲ್ಲಿ ಒಂದೂವರೆ ಕೋಟಿ ಗ್ರಾಮೀಣ ಮನೆಗಳಿಗೆ ಸಂಪರ್ಕ. ಇದನ್ನು ನಡೆಸುವ ಹೊಣೆಯು ಬಿಎಸ್‌ಎನ್‌ಎಲ್ ಮೇಲಿದೆ.

ಈ ‘ಬೇಡಿಕೆ ಬಂದಂತೆ’ ಎಂಬ ಮಾತನ್ನು ಗ್ರಾಮದ ಮುಖ್ಯಸ್ಥರು ಎರಡು ಸಲ ಓದಬೇಕು. ಪಂಚಾಯಿತಿ ಕೇಂದ್ರವಾದ ಗ್ರಾಮಕ್ಕೆ ಮಾರ್ಗವು ತಾನಾಗಿಯೇ ಬರುತ್ತದೆ. ಅದಕ್ಕೆ ಸೇರಿದ ಮಜರೆ, ದೊಡ್ಡಿ, ಪಾಳ್ಯಗಳಿಗೆ ಕೇಳಿದರೆ ಮಾತ್ರ. ಎಷ್ಟು ಮನೆಗಳವರು ತಿಂಗಳ ದರವನ್ನು ಕೊಟ್ಟು ಸೇರಲು ಸಿದ್ಧರಿದ್ದಾರೆಂಬುದನ್ನು ಬರೆದು, ಶಾಲೆ, ಹಾಲಿನ ಸಹಕಾರ ಸಂಘ, ಪ್ರಾಥಮಿಕ ಕೃಷಿ ಪತ್ತಿನ ಸಂಘ, ಆರೋಗ್ಯ ಕೇಂದ್ರ ಇವುಗಳನ್ನೂ ಪಟ್ಟಿಗೆ ಹಾಕಿ, ಗ್ರಾಮಸಭೆಯ ನಿರ್ಣಯದೊಡನೆ ಬಿಎಸ್‌ಎನ್‌ಎಲ್ ಕಚೇರಿಗೆ ಕಳುಹಿಸುವುದು ಉತ್ತಮ. ಇಪ್ಪತ್ತು ಮನೆಗಳವರು ಒಟ್ಟಿಗೆ ಕೇಳುವುದಕ್ಕೂ ಒಬ್ಬ ಜಮೀನುದಾರನು ತನ್ನ ತೋಟದ ಮನೆಗೆ ಬೇಕೆಂದು ಕೇಳುವುದಕ್ಕೂ ಲೆಕ್ಕದಲ್ಲಿ ಎಷ್ಟು ಅಂತರವೆಂಬುದು ಮೇಲೆ ಹೇಳಿದ ಉದಾಹರಣೆಯಿಂದ ತಿಳಿದೀತು.

ಮನೆಗಳಿಗೆ ಹಂಚುವ ಕೆಲಸಕ್ಕೆ ಸ್ಥಳೀಯ ಉದ್ಯಮಿಗಳನ್ನು ಗೊತ್ತುಮಾಡಿ, ವಸೂಲಾದ ಹಣದಲ್ಲಿ ಅವರಿಗೆ ಪಾಲು ಕೊಡುವ ಪದ್ಧತಿಯನ್ನು ಬಿಎಸ್‌ಎನ್‌ಎಲ್ ನಡೆಸುತ್ತಿದೆ. ನೀರುಗಂಟಿಯ ಪಾಲಿನಂತೆಯೇ ಇದು. ಊರಿನಲ್ಲಿ ಐಟಿಐ ಓದಿ ಕೆಲಸ ಹುಡುಕುತ್ತಿರುವ ಹುಡುಗನಿದ್ದರೆ, ಅಥವಾ ಹೋಬಳಿಯಲ್ಲಿ ಹಿಂದೆ ಕೇಬಲ್ ಟಿವಿ ನಡೆಸುತ್ತಿದ್ದವರಿದ್ದರೆ, ಅವರನ್ನು ಈ ಕೆಲಸಕ್ಕೆ ಪ್ರೋತ್ಸಾಹಿಸಬಹುದು. ಎಳೆ ಕಡಿದ ದಿವಸ ಅರ್ಧ ಘಂಟೆಯಲ್ಲಿ ಬರಬಲ್ಲವನು ಊರಿನವನೇ ಹೊರತು ಜಿಲ್ಲಾ ಕೇಂದ್ರದಲ್ಲಿ ಕುಳಿತವನಲ್ಲ.

ಜಮೀನುದಾರರಿಗೆ ಸಂಬಂಧಿಸಿದ ಕಾಯಿದೆಯ ವಿಷಯವೊಂದುಂಟು. 2023ರ ದೂರಸಂಪರ್ಕ ಕಾಯಿದೆಯಂತೆ ಖಾಸಗಿ ಜಮೀನಿನಲ್ಲಿ ಮಾರ್ಗವನ್ನು ಹಾಕಬೇಕಾದ ಕಂಪೆನಿಯು ಮಾಲೀಕನೊಡನೆ ಮಾತನಾಡಿ ಒಪ್ಪಂದವನ್ನು ಮಾಡಿಕೊಳ್ಳಬೇಕು. ಸಾರ್ವಜನಿಕ ರಸ್ತೆ, ಸ್ಥಳಗಳ ವಿಷಯದಲ್ಲಿ ಅನುಮತಿಯನ್ನು ಭೇದವಿಲ್ಲದೆ, ಸಾಧ್ಯವಾದ ಮಟ್ಟಿಗೆ ಒಬ್ಬರಿಗೇ ಮೀಸಲಾಗದಂತೆ ಕೊಡಬೇಕೆಂದು ಅದೇ ಕಾಯಿದೆಯು ಹೇಳುತ್ತದೆ. ಮೊದಲು ಬಂದ ಕಂಪೆನಿಯ ಪರವಾಗಿ, ಬೇರೆಯವರನ್ನು ಬಿಡುವುದಿಲ್ಲವೆಂದು ನಿರ್ಣಯ ಮಾಡುವ ಪಂಚಾಯಿತಿಯು ತನ್ನ ಊರಿನ ದರವನ್ನು ತಾನೇ ಏರಿಸಿಕೊಂಡಂತಾಗುತ್ತದೆ. ಮಾರ್ಗದ ಅನುಮತಿಗಳನ್ನು ಕುರಿತ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಯಲ್ಲಿವೆ.

ನೆಲಕ್ಕೆ ಇಳಿಯದೆ ಆಕಾಶದಿಂದಲೇ ಸಂಪರ್ಕ ಕೊಡುವ ಮಾತೂ ಈಚೆಗೆ ಕೇಳಿಬರುತ್ತಿದೆ. 2022ರ ಅಕ್ಟೋಬರ್ 1ರಂದು 5ಜಿ ಸೇವೆಯು ಉದ್ಘಾಟನೆಯಾದ ಮೇಲೆ, ಮನೆಯ ಮಾಳಿಗೆಯಲ್ಲಿ ಸಣ್ಣ ಪೆಟ್ಟಿಗೆಯೊಂದನ್ನಿಟ್ಟು ಟವರಿನಿಂದಲೇ ಬ್ರಾಡ್‌ಬ್ಯಾಂಡ್ ಕೊಡುವ ಸೇವೆಗಳನ್ನು ಜಿಯೋ ಮತ್ತು ಏರ್‌ಟೆಲ್ 2023ರಲ್ಲಿ ಆರಂಭಿಸಿದುವು. ಉಪಗ್ರಹದ ಮೂಲಕ ಸೇವೆ ಕೊಡುವ ಸ್ಟಾರ್‌ಲಿಂಕ್ ಕಂಪೆನಿಗೆ 2025ರ ಜೂನಿನಲ್ಲಿ ಪರವಾನಗಿ ದೊರೆಯಿತು. ಬಿಎಸ್‌ಎನ್‌ಎಲ್ ಸಂಸ್ಥೆಯೂ ಸ್ವದೇಶದಲ್ಲಿಯೇ ತಯಾರಾದ ಉಪಕರಣಗಳಿಂದ ಕಟ್ಟಿದ 4ಜಿ ಜಾಲವನ್ನು 2025ರ ಸೆಪ್ಟೆಂಬರ್ 27ರಂದು ಆರಂಭಿಸಿತು. ಒಂಟಿ ತೋಟದ ಮನೆಗಳಿಗೆ ಇಂಥವುಗಳಿಂದ ಪ್ರಯೋಜನವುಂಟು. ಆದರೆ ಊರಿನ ಮಧ್ಯದಲ್ಲಿರುವ ಫೈಬರನ್ನು ಬಿಟ್ಟು ಇವುಗಳಿಗಾಗಿ ಕಾಯುವುದು, ಕೆರೆಯ ಹೂಳನ್ನು ತೆಗೆಸದೆ ಮುಂದಿನ ಮಳೆಯನ್ನು ನೋಡುತ್ತಾ ಕುಳಿತಂತೆಯೇ ಸರಿ.

ಕಡೆಯದಾಗಿ ಅಗೆಯುವವರಿಗೆ ಒಂದು ಸೂಚನೆ. 2023ರ ಮಾರ್ಚ್ 22ರಂದು ಕೇಂದ್ರ ಸರ್ಕಾರವು ‘ಕಾಲ್ ಬಿಫೋರ್ ಯು ಡಿಗ್’ ಎಂಬ ಮೊಬೈಲ್ ಅಪ್ಲಿಕೇಷನನ್ನು ಬಿಡುಗಡೆ ಮಾಡಿತು. ಜೆಸಿಬಿಯನ್ನು ಕರೆಸುವುದಕ್ಕೆ ಮುಂಚೆ ಅದರಲ್ಲಿ ಸ್ಥಳವನ್ನು ನಮೂದಿಸಿದರೆ, ಅಲ್ಲಿ ನೆಲದೊಳಗೆ ಹಾಯ್ದಿರುವ ಮಾರ್ಗಗಳ ಒಡೆಯರಿಗೆ ಸುದ್ದಿಯು ತಲಪುತ್ತದೆ. ಅವರು ಅಗೆಯುವವರೊಡನೆ ಮಾತನಾಡಿಕೊಳ್ಳಬಹುದು. ದೂರಸಂಪರ್ಕ ಮಾರ್ಗಕ್ಕೆ ಹಾನಿ ಮಾಡಿದವರು ಪರಿಹಾರಕ್ಕೂ ದಂಡಕ್ಕೂ ಗುರಿಯಾಗತಕ್ಕವರೆಂದು 2023ರ ಕಾಯಿದೆಯಲ್ಲಿದೆ. ಪಂಚಾಯಿತಿಯಿಂದ ಕೊಳವೆ, ಚರಂಡಿ, ರಸ್ತೆಯ ಕಾಮಗಾರಿಗಳಿಗೆ ಆದೇಶ ಕೊಡುವಾಗ ಈ ಷರತ್ತನ್ನು ಆದೇಶದಲ್ಲಿಯೇ ಬರೆದು, ಫೈಬರ್ ಹೋಗಿರುವ ದಾರಿಯ ನಕ್ಷೆಯೊಂದನ್ನು ಬಿಎಸ್‌ಎನ್‌ಎಲ್ ಅಥವಾ ಕಂಟ್ರಾಕ್ಟುದಾರರಿಂದ ಪಡೆದು ಕಚೇರಿಯ ಗೋಡೆಯಲ್ಲಿ ತೂಗುಹಾಕತಕ್ಕದ್ದು. ಅದರ ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟು, ಸಂಪರ್ಕವು ಯಾವ ದಿವಸ ಎಷ್ಟು ಘಂಟೆಗೆ ನಿಂತಿತು, ಯಾರಿಗೆ ತಿಳಿಸಲಾಯಿತು, ಯಾವಾಗ ಸರಿಹೋಯಿತು ಎಂಬುದನ್ನು ಬರೆದಿಡಬೇಕು. ಪಾಲನೆಯ ಹಣವನ್ನು ಸೇವೆಯ ಅಳತೆಯಂತೆ ಕೊಡುವ ಕರಾರು ಇರುವವರೆಗೆ, ಕಂಟ್ರಾಕ್ಟುದಾರನ ಲೆಕ್ಕದ ಎದುರಿಗೆ ಗ್ರಾಮದವರು ಇಡಬಹುದಾದ ಲೆಕ್ಕವು ಆ ಪುಸ್ತಕವೊಂದೇ.